ಹೆಸರು ಹಿಡಿದು ಕರೆದದ್ದು

ಪರೀಕ್ಷೆ ನಡೆಸಲು ಬಂದ ದೊಡ್ಡ ಮನುಷ್ಯರೊಬ್ಬರನ್ನು ಏಕವಚನದಲ್ಲಿ, ಅದೂ ಹೆಸರು ಹಿಡಿದು, ಹನ್ನೊಂದು ಸಲ ಕೂಗಿದ್ದಕ್ಕೆ ನನ್ನ ಮೇಷ್ಟ್ರ ಕೆಲಸ ಹೋಯಿತು. ಹನ್ನೊಂದು ಎಂದು ವಿಚಾರಣೆಯ ಕಾಗದದಲ್ಲಿ ಬರೆದಿದ್ದಾರೆ. ನಾನಂತೂ ಎಣಿಸಿರಲಿಲ್ಲ. ಆ ಹೊತ್ತಿನಲ್ಲಿ ಕೂತು ಎಣಿಸುವಷ್ಟು ಸಮಾಧಾನ ಯಾರಿಗಿತ್ತೋ, ಆ ಪುಣ್ಯಾತ್ಮನನ್ನು ಒಮ್ಮೆ ನೋಡಬೇಕೆಂಬ ಆಸೆ ನನಗೆ ಇವತ್ತಿಗೂ ಇದೆ.

ನಮ್ಮೂರಲ್ಲಿ ಹೆಸರು ಹೇಳಿದರೆ ಆ ಹೆಸರಿನವರು ಬರುತ್ತಾರೆ. ಹೇಳಿದ್ದು ಅವರ ಕಿವಿಗೆ ಬೀಳಬೇಕೆಂದೇನೂ ಇಲ್ಲ. ಕೈಯಲ್ಲಿದ್ದ ಕೆಲಸ, ಬಾಯಲ್ಲಿದ್ದ ಮಾತು ಎರಡೂ ಅಲ್ಲೇ ನಿಲ್ಲುತ್ತವೆ, ಕಾಲು ಎದ್ದು ಹೊರಡುತ್ತದೆ. ಕರೆದವರ ಎದುರು ಬಂದು ನಿಂತ ಮೇಲೆಯೇ ಮೈ ತನ್ನ ಹಿಡಿತಕ್ಕೆ ಬರುವುದು, ಬಾಯಿ ಬಿಡುವುದು. ಒಂದು ಭಾನುವಾರ ನಾನು ಅರ್ಧ ಗಡ್ಡ ಬೋಳಿಸಿಕೊಂಡು, ಇನ್ನರ್ಧಕ್ಕೆ ಸೋಪಿನ ನೊರೆ ಮೆತ್ತಿಕೊಂಡು, ಮೂರು ಬೀದಿ ದಾಟಿ ಹೋಗಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮುಂದೆ ನಿಂತಿದ್ದೆ. ಅವನು ಹೊಸದಾಗಿ ಮದುವೆಯಾದ ಹೆಂಡತಿಗೆ ನನ್ನನ್ನು ಹೊಗಳುವ ಭರದಲ್ಲಿ ನಾಲಿಗೆ ಜಾರಿದ್ದ. ಅದು ನಗುವ ಮಾತು. ನಗದ ಮಾತೂ ಇದೆ. ಗಾರೆ ಕೆಲಸದವನೊಬ್ಬ ಮೂರನೇ ಅಂತಸ್ತಿನ ಗೋಡೆಯ ಮೇಲೆ ನಿಂತು ಕಲ್ಲಿಡುತ್ತಿದ್ದಾಗ, ಮಧ್ಯಾಹ್ನದ ನಿದ್ದೆಯಲ್ಲಿದ್ದ ಅವನ ಅತ್ತೆ ಕನಸಿನಲ್ಲಿ ಅವನ ಹೆಸರು ಹೇಳಿದಳು. ಕರೆ ಬಿದ್ದ ಕಾಲಿಗೆ ಮೆಟ್ಟಿಲು ಹುಡುಕುವ ವ್ಯವಧಾನ ಇರುವುದಿಲ್ಲ, ಅದು ನೇರ ದಾರಿ ಹಿಡಿಯುತ್ತದೆ. ಆ ಮುದುಕಿ ಆಮೇಲೆ ಬದುಕಿದ್ದಷ್ಟು ದಿನವೂ ಬಾಯಿಗೆ ಬಟ್ಟೆ ಕಟ್ಟಿಕೊಂಡು ಮಲಗಿದಳು.

ಹಾಗಾಗಿ ನಾವು ಅವನು, ಅವಳು, ಅವರು, ಇವರು ಎಂದುಕೊಂಡೇ ಬಾಳು ನಡೆಸುವ ಜನ. ಅಡ್ಡಹೆಸರು ಇಟ್ಟು ನೋಡಿದ್ದೂ ಆಯಿತು. ಎರಡು ವರ್ಷ ಬಳಸಿದರೆ ಅದೂ ಹೆಸರೇ ಆಗಿ ಕುಳಿತುಬಿಡುತ್ತದೆ. ಗಂಡನ ಹೆಸರು ಹೇಳದ ಹೆಂಗಸರನ್ನು ಹೊರಗಿನವರು ಗೇಲಿ ಮಾಡುತ್ತಾರಂತೆ. ನಮ್ಮಲ್ಲಿ ಗಂಡಂದಿರೂ ಹೇಳುವುದಿಲ್ಲ, ಶಾಲೆಯ ಹಾಜರಿಯಲ್ಲೂ ಹೇಳುವುದಿಲ್ಲ. ಬರೆಯುವುದಕ್ಕೆ ಅಡ್ಡಿಯಿಲ್ಲ, ಬರೆದ ಹೆಸರಿಗೆ ಯಾರ ಕಾಲೂ ಅಲ್ಲಾಡುವುದಿಲ್ಲ. ಅದಕ್ಕೇ ಇಲ್ಲಿ ಧೈರ್ಯವಾಗಿ ಬರೆಯುತ್ತಿದ್ದೇನೆ. ಓದುವಾಗ ಬಾಯಿ ಬಿಟ್ಟು ಓದಬೇಡಿ, ಅಷ್ಟೇ.

ಇಂಥ ಊರಲ್ಲಿ ಇಂಗ್ಲಿಷಿನ ಸರ್ವನಾಮ ಕಲಿಸುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ ಎಂದು ಹೊಸದರಲ್ಲಿ ಬೀಗಿದ್ದೆ. ಆಮೇಲೆ ಗೊತ್ತಾಯಿತು. ನಾಯಿಗೂ ನಾಯಕರಿಗೂ ಒಂದೇ 'ಯೂ' ಎಂದಾಗ ಮಕ್ಕಳು ಕಣ್ಣರಳಿಸಿದವು. ಅಜ್ಜನಿಗೂ 'ಹೀ', ಮೊಮ್ಮಗನಿಗೂ 'ಹೀ' ಎಂದಾಗ ಒಬ್ಬಳ ತಂದೆ ಶಾಲೆಗೇ ಬಂದು, "ಮೇಷ್ಟ್ರೇ, ನಮ್ಮಪ್ಪನ್ನ ಮನೇಲಿ ಹೀ ಅಂತಾಳೆ ಹುಡುಗಿ, ಇದೇನಾ ನೀವು ಕಲಿಸೋದು?" ಎಂದು ಜಗಳ ತೆಗೆದ. 'ಮೈಸೆಲ್ಫ್' ಮಾತ್ರ ಎಲ್ಲರಿಗೂ ಇಷ್ಟವಾಯಿತು. ನಾನೇ ನನ್ನನ್ನು ಕರೆದರೆ ಎಲ್ಲಿಗೂ ಹೋಗಬೇಕಾಗಿಲ್ಲವಲ್ಲ. ಇಷ್ಟವಾದದ್ದೇ ಕಷ್ಟವಾಯಿತು. ಪ್ರತಿಯೊಬ್ಬರೂ ಎದೆ ಮುಟ್ಟಿಕೊಂಡು 'ಮೈಸೆಲ್ಫ್ ಇಂಥವರು' ಎಂದೇ ಶುರು ಮಾಡುತ್ತಿದ್ದರು. "ಐ ಆಮ್ ಅನ್ರಪ್ಪ, ಮೈಸೆಲ್ಫ್ ಹಾಗೆ ಮುಂದೆ ಬಂದು ಕೂರೋ ಪದ ಅಲ್ಲ" ಎಂದು ಹೇಳಿ ಹೇಳಿ ನನ್ನ ಗಂಟಲು ಹರಿದಿದೆ.

ನಾನು ಕಲಿಸಿದವರಲ್ಲಿ ಒಂದು ಸಲಕ್ಕೆ ತಿದ್ದಿಕೊಂಡವಳು ನನ್ನ ಅಕ್ಕನ ಮಗಳು ಪಾರಿಜಾತ. ಹದಿನೈದು ವರ್ಷ. ಹೊರಗಿನ ಪಟ್ಟಣದ ದೊಡ್ಡ ಶಾಲೆಯವರು ವರ್ಷಕ್ಕೊಮ್ಮೆ ಪರೀಕ್ಷಕರನ್ನು ಕಳಿಸಿ, ನಮ್ಮೂರಿಂದ ಒಂದು ಮಗುವನ್ನು ಆರಿಸಿ, ಊಟ ವಸತಿ ಕೊಟ್ಟು ಓದಿಸುತ್ತಾರೆ. ಇಂಗ್ಲಿಷಿನಲ್ಲಿ ಬಾಯಿಮಾತಿನ ಪರೀಕ್ಷೆ. ಹದಿನೈದು ತುಂಬಿದ ವರ್ಷ ಒಂದೇ ಅವಕಾಶ. ಆ ಸೀಟಿಗಾಗಿ ಅವಳು ಎಷ್ಟು ಒದ್ದಾಡಿದಳೆಂದರೆ ಒಮ್ಮೆ ನಾನೇ ಕೇಳಿದೆ, ಅಂಥದ್ದೇನಿದೆಯೇ ಅಲ್ಲಿ ಎಂದು.

"ಅಲ್ಲಿ ಎಲ್ರೂ ಹೆಸ್ರು ಹೇಳ್ಬೋದಂತೆ ಮಾಮ. ಸುಮ್ನೆ, ಬೀದೀಲಿ ಹೋಗ್ತಾ. ಏನೂ ಆಗಲ್ವಂತೆ. ಇಷ್ಟವಾದೋರ ಹೆಸ್ರು ದಿನಕ್ಕೆ ಹತ್ತು ಸಲ ಹೇಳಿದ್ರೂ ಅವರು ಅವರ ಪಾಡಿಗೆ ಇರ್ತಾರಂತೆ."

ಅವಳ ತಾಯಿ, ನನ್ನಕ್ಕ, ನೀಲಗಂಗಮ್ಮ. ನಮ್ಮೂರಿನ ಪಕ್ಕದಲ್ಲೇ ನೂರು ಮಾರು ಆಳದ ಕಂದಕ, ತಳದಲ್ಲಿ ಬಂಡೆ, ಬಂಡೆಯ ನಡುವೆ ನೀರು. ಆಚೆ ದಡಕ್ಕೆ ಹೋಗಲು ಒಂದು ಉಕ್ಕಿನ ತಂತಿ, ಅದರಲ್ಲಿ ನೇತಾಡಿಕೊಂಡು ಸರಿಯುವ ಒಂದು ಪೆಟ್ಟಿಗೆ. ಆ ತಂತಿಗೆ ಎಣ್ಣೆ ಹಾಕಿ, ಸವೆದ ಕಡೆ ಬಿಗಿ ಮಾಡುವುದು ಅಕ್ಕನ ಕೆಲಸ. ಭಾವ ತೀರಿಕೊಂಡ ಮೇಲೆ ಅವಳಿಗೆ ಬಂದದ್ದು. ಸೊಂಟದ ಪಟ್ಟಿಯ ಕೊಕ್ಕೆಯನ್ನು ತಂತಿಗೆ ಸಿಕ್ಕಿಸಿ, ಕಾಲು ಮೇಲಕ್ಕೆ ಹೆಣೆದುಕೊಂಡು, ಕೈಯಿಂದ ಎಳೆದುಕೊಳ್ಳುತ್ತಾ ಹೋಗುತ್ತಾಳೆ. ತಂತಿಯಲ್ಲಿ ಮೂರು ಗಂಟುಗಳಿವೆ. ಗಂಟು ಬಂದಾಗ ಕೊಕ್ಕೆ ಬಿಚ್ಚಿ, ದಾಟಿ, ಮತ್ತೆ ಸಿಕ್ಕಿಸಬೇಕು. ಆ ನಾಲ್ಕು ಕ್ಷಣ ಅವಳಿಗೆ ಕೈಕಾಲುಗಳೇ ಗತಿ.

ಇಂಥ ಕೆಲಸಕ್ಕೆಲ್ಲ ನಮ್ಮಲ್ಲಿ ಒಬ್ಬ ಕರೆಯಾಳು ಇರಲೇಬೇಕು. ಇಬ್ಬರು ಒಟ್ಟಿಗೆ ಕರೆದರೆ ಹತ್ತಿರದ ಕರೆಯೇ ಗೆಲ್ಲುತ್ತದೆ. ಹಾಗಾಗಿ ತಂತಿ ಕಟ್ಟಿದ ಕಲ್ಲುಕಂಬದ ಬುಡದಲ್ಲಿ ಕರೆಯಾಳು ಕೂತಿರುತ್ತಾನೆ. ಊರಲ್ಲಿ ಯಾರಾದರೂ ಮರೆತು ಹೆಸರೆತ್ತಿ, ಮೇಲಿದ್ದವರ ಮೈ ಆ ಕಡೆ ಎಳೆದದ್ದು ಕಂಡರೆ, ಇವನು ತಕ್ಷಣ ಅದೇ ಹೆಸರು ಕೂಗಬೇಕು. ಕಂಬದ ಬುಡಕ್ಕೆ ತಂತಿಯೇ ನೇರ ದಾರಿಯಾದ್ದರಿಂದ ಕರೆ ಬಿದ್ದವರು ತಂತಿ ಹಿಡಿದೇ ಬಂದು ಸೇರುತ್ತಾರೆ. ಬೇರೆಲ್ಲಿಂದ ಕರೆದರೂ ಗಾಳಿಯೇ ದಾರಿ. ಅಕ್ಕನ ಕರೆಯಾಳು ನಾನು. ಶಾಲೆ ಮುಗಿದ ಮೇಲೆ ಮಧ್ಯಾಹ್ನ ಅವಳು ತಂತಿಗೆ ಹತ್ತುವುದು, ನಾನು ಬುಡದಲ್ಲಿ ಕೂತು ಉತ್ತರಪತ್ರಿಕೆ ತಿದ್ದುವುದು, ಏಳು ವರ್ಷದಿಂದ ಹಾಗೇ ನಡೆದಿತ್ತು. ಒಮ್ಮೆಯೂ ಕರೆಯುವ ಪ್ರಸಂಗ ಬಂದಿರಲಿಲ್ಲ.

ಪರೀಕ್ಷಕರ ಹೆಸರು ಪದ್ಮರಾಜ. ಪರೀಕ್ಷೆಯ ಹಿಂದಿನ ಸಂಜೆ ಪೆಟ್ಟಿಗೆಯಲ್ಲಿ ಕೂತು ಬಂದರು. ಬಂದವರೇ ಕರವಸ್ತ್ರದಿಂದ ಹಣೆ ಒರೆಸಿಕೊಂಡು, "ಏನ್ರೀ ಅದು ಕಿರುಗುಟ್ಟೋದು? ನಾಳೆ ಮಧ್ಯಾಹ್ನ ನಾನು ವಾಪಸ್ ಹೋಗೋ ಹೊತ್ತಿಗೆ ರಿಪೇರಿ ಆಗಿರಬೇಕು" ಎಂದರು. ನಮ್ಮ ಮುಖ್ಯೋಪಾಧ್ಯಾಯಿನಿ ಹೆಸರಿನ ವಿಷಯ ತಿಳಿಸಿದರು. ಅವರು ನಕ್ಕರು. ಒಳ್ಳೆಯ ಮನುಷ್ಯ, ನಗುವಿನಲ್ಲಿ ಕೊಂಕಿರಲಿಲ್ಲ. "ಒಂದೊಂದು ಊರಿಗೆ ಒಂದೊಂದು ನಂಬಿಕೆ ಬಿಡಿ" ಎಂದು ಹೇಳಿ ಊಟ ಮಾಡಿ ಮಲಗಿದರು.

ಬೆಳಿಗ್ಗೆಯೇ ತಂತಿಗೆ ಹೋಗುತ್ತೇನೆಂದ ಅಕ್ಕನಿಗೆ ನಾನು ಬೇಡವೆಂದೆ. ಪರೀಕ್ಷೆಯ ಕೊಠಡಿಯಲ್ಲಿ ಕಲಿಸಿದ ಮೇಷ್ಟ್ರು ಹಿಂದೆ ನಿಂತಿರಬೇಕೆಂಬ ನಿಯಮ ಇತ್ತು. ಬೇರೆ ಯಾರನ್ನಾದರೂ ಕರೆಯಾಳಾಗಿ ಕೂರಿಸೋಣವೆಂದರೆ ಊರಿಗೆ ಊರೇ ಶಾಲೆಯ ಅಂಗಳದಲ್ಲಿತ್ತು.

"ಪರೀಕ್ಷೆ ಮುಗಿಯೋ ಹೊತ್ತಿಗೆ ಮುಗಿಸಿ ಬಂದ್ಬಿಡ್ತೀನಿ ಕಣೋ" ಎಂದಳು ಅಕ್ಕ, ಎಣ್ಣೆಡಬ್ಬಿ ಸೊಂಟಕ್ಕೆ ಕಟ್ಟಿಕೊಳ್ಳುತ್ತಾ. "ನನ್ ಹೆಸ್ರು ಗೊತ್ತಿರೋರೇ ನಾಕು ಜನ. ಅವರೆಲ್ಲ ಬಾಯಿಗೆ ಬೀಗ ಹಾಕ್ಕೊಂಡಿರೋರು. ಯಾರ್ ಕರೀತಾರೆ ನನ್ನ? ನೀನ್ ಹೋಗಿ ಅವಳ ಹಿಂದೆ ನಿಂತ್ಕೋ, ಅವಳಿಗೆ ಧೈರ್ಯ."

ನಾನು ಹೋದೆ. ಹೇಳಬೇಕಾದ ಒಂದು ಮಾತು ಹೇಳದೇ ಹೋದೆ. ಪಾರಿಜಾತಳ ಅರ್ಜಿಯಲ್ಲಿ ತಾಯಿಯ ಹೆಸರು ಎಂಬಲ್ಲಿ ನಮ್ಮೂರಿನ ರೂಢಿಯಂತೆ 'ಅವಳು' ಎಂದು ಬರೆದು ಕಳಿಸಿದ್ದೆ. ಕೆಂಪು ಶಾಯಿಯಲ್ಲಿ ಗೀಟು ಹಾಕಿ ವಾಪಸ್ ಕಳಿಸಿದ್ದರು, ಇದು ಹೆಸರಲ್ಲ ಎಂದು. ನನಗೆ ಅವಮಾನವಾಯಿತು. ಇಂಗ್ಲಿಷ್ ಮೇಷ್ಟ್ರಾಗಿ ನಾನೇ ಹಳ್ಳಿಗುಗ್ಗು ಅನ್ನಿಸಿಕೊಂಡೆನೆಂದು ಉರಿದು, ದಪ್ಪ ಅಕ್ಷರದಲ್ಲಿ ಹೆಸರು ಪೂರ್ತಿ ಬರೆದು ಮತ್ತೆ ಕಳಿಸಿದೆ. ಬರೆದದ್ದಕ್ಕೆ ಕಾಲಿಲ್ಲವಲ್ಲ ಎಂಬ ಧೈರ್ಯ. ಆ ಕಾಗದ ಪರೀಕ್ಷಕರ ಕೈಯಲ್ಲೇ ಬರುತ್ತದೆಂದು, ಪರೀಕ್ಷಕರಿಗೆ ಬಾಯಿ ಇರುತ್ತದೆಂದು ನನ್ನ ಬುದ್ಧಿಗೆ ಹೊಳೆಯಲಿಲ್ಲ. ಓದಿದ ಮೂರ್ಖ ಎಂದು ನಮ್ಮಮ್ಮ ಬೈಯುತ್ತಿದ್ದಳು. ಅವಳ ಮಾತು ಒಂದೂ ಸುಳ್ಳಾಗಿಲ್ಲ.

ಕೊಠಡಿಯಲ್ಲಿ ಮೇಜಿನ ಆಚೆ ಪದ್ಮರಾಜರು, ಈಚೆ ಪಾರಿಜಾತ, ಹಿಂದಿನ ಗೋಡೆಗೆ ಒರಗಿ ನಾನು. ನಾನು ಒಂದು ಮಾತಾಡಿದರೂ ಮಗುವಿನ ಪರೀಕ್ಷೆ ರದ್ದು ಎಂದು ಮೊದಲೇ ಹೇಳಿದ್ದರು. ಎಡಗಡೆಯ ಕಿಟಕಿಯಿಂದ ಕಂದಕ ಕಾಣುತ್ತಿತ್ತು. ತಂತಿಯ ಮೇಲೆ, ಮೊದಲನೇ ಗಂಟಿನ ಹತ್ತಿರ, ಅಕ್ಕನ ಹಸಿರು ಸೀರೆಯ ಕಚ್ಚೆ.

ಶುರುವಾದದ್ದು ಚೆನ್ನಾಗಿಯೇ. ಅವಳು 'ಮೈಸೆಲ್ಫ್' ಎನ್ನಲಿಲ್ಲ, 'ಐ ಆಮ್' ಎಂದಳು. ಮಾಡುವವನು 'ಹೀ' ಆದರೆ ಮಾಡಿಸಿಕೊಳ್ಳುವವನು 'ಹಿಮ್' ಎಂದು ಉದಾಹರಣೆ ಕೊಟ್ಟಳು. ಹತ್ತಿರದ್ದಕ್ಕೆ 'ದಿಸ್', ದೂರದ್ದಕ್ಕೆ 'ದಟ್' ಎನ್ನುವಾಗ ಬೆರಳು ಕಿಟಕಿಯತ್ತ ಹೋಗಿ, ಸಟ್ಟನೆ ಹಿಂದಕ್ಕೆ ಬಂತು. 'ಹೂ' ಯಾವಾಗ, 'ಹೂಸ್' ಯಾವಾಗ ಎಂಬುದಕ್ಕೂ ತಡವರಿಸಲಿಲ್ಲ. ಪದ್ಮರಾಜರು ತಲೆದೂಗಿದರು. ಇನ್ನು ಒಂದೇ ಪ್ರಶ್ನೆ ಎಂದು, ನಿನ್ನ ತಾಯಿಯ ಬಗ್ಗೆ ಐದು ವಾಕ್ಯ ಹೇಳು ಎಂದರು.

"ಶೀ ಈಸ್ ಬ್ರೇವ್" ಎಂದು ಶುರು ಮಾಡಿದಳು.

ಅವರು ಕೈ ಎತ್ತಿ ತಡೆದರು. "ಹೂ ಈಸ್ ಶೀ?" ಎಂದರು. ಆಮೇಲೆ ಮೃದುವಾಗಿ ಕನ್ನಡಕ್ಕೆ ಬಂದರು. "ನೋಡಮ್ಮ, ಮೊದಲು ಹೆಸರು, ಆಮೇಲೆ ಸರ್ವನಾಮ. ಯಾರು ಅಂತ ಗೊತ್ತಿಲ್ಲದೆ ಬರೀ ಶೀ ಅಂದ್ರೆ ಕೇಳೋರಿಗೆ ಏನು ತಿಳಿಯುತ್ತೆ? ಹೆಸರಿಂದ ಶುರು ಮಾಡು."

ಆ ಪಾಠ ನಾನೇ ಕಲಿಸಿದ್ದು. ಇದೇ ಮಾತುಗಳಲ್ಲಿ, ಇದೇ ಗತ್ತಿನಲ್ಲಿ. ಕಿಟಕಿಯಾಚೆ ಅಕ್ಕ ನಡುವಿನ ಗಂಟಿಗೆ ಬಂದಿದ್ದಳು. ಅವಳ ಕೈ ಸೊಂಟದ ಕೊಕ್ಕೆಗೆ ಹೋಯಿತು.

"ಮೈ ಮದರ್, ಸರ್" ಎಂದಳು ಪಾರಿಜಾತ. "ಮೈ ಮದರ್ ಅಂದ್ರೆ ಸಾಕಲ್ವಾ ಸರ್?"

"ತಾಯಿ ಎಲ್ಲರಿಗೂ ಇರ್ತಾಳೆ. ನಿನ್ನ ತಾಯಿಗೊಂದು ಹೆಸರಿದೆಯಲ್ಲ. ಹೇಳು. ಆಮೇಲೆ ಐದೇ ವಾಕ್ಯ. ಸೀಟು ನಿಂದೇ ಅಂತ ಇಟ್ಕೋ."

ಅವಳು ತುಟಿ ಒಳಕ್ಕೆ ಕಚ್ಚಿಕೊಂಡಳು. ನನಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು, ಜಡೆಯ ತುದಿಯನ್ನು ಮುಷ್ಟಿಯಲ್ಲಿ ಹಿಂಡುತ್ತಿದ್ದಳು. ಮೂರು ವರ್ಷ ರಾತ್ರಿ ಹಗಲು ಓದಿ ಬಂದ ಮಗು ಒಂದು ಹೆಸರು ಹೇಳಿದರೆ ಗೆಲ್ಲುತ್ತಿತ್ತು.

"ನಂಗೆ ಸೀಟು ಬೇಡ ಸರ್" ಎಂದಳು.

ನನ್ನ ಕಣ್ಣು ತುಂಬಿ ಬಂತು. ಅಷ್ಟಕ್ಕೇ ಮುಗಿದಿದ್ದರೆ ಆಗುತ್ತಿತ್ತು, ಸೀಟು ಹೋದರೆ ಹೋಯಿತು, ಮಗು ತಾಯಿಯನ್ನು ಉಳಿಸಿಕೊಂಡಿತ್ತು. ಆದರೆ ಪದ್ಮರಾಜರು ಒಳ್ಳೆಯವರೆಂದು ಮೊದಲೇ ಹೇಳಿದೆನಲ್ಲ. ಕೆಟ್ಟವರಾಗಿದ್ದರೆ ಸೊನ್ನೆ ಹಾಕಿ ಕಳಿಸುತ್ತಿದ್ದರು. ಅವರು ನಕ್ಕು, "ಗಾಬರಿಯಾಗಿದೆ ಪಾಪ, ನಾನೇ ಶುರು ಮಾಡಿಕೊಡ್ತೀನಿ" ಎಂದು ಅರ್ಜಿಯನ್ನು ಹತ್ತಿರ ಎಳೆದುಕೊಂಡರು. ಅವರ ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು. ನನ್ನ ದಪ್ಪ ಅಕ್ಷರದ ಮೇಲೆ ನಿಂತಿತು. ಆಗ ನನಗೆ ಎಲ್ಲವೂ ಒಟ್ಟಿಗೆ ಹೊಳೆಯಿತು. ಕಿಟಕಿಯಲ್ಲಿ ಅಕ್ಕ ಕೊಕ್ಕೆ ಬಿಚ್ಚಿ ಗಂಟಿನ ಮೇಲೆ ಕೈ ಇಟ್ಟಿದ್ದಳು.

"ಯುವರ್ ಮದರ್ಸ್ ನೇಮ್ ಈಸ್ ನೀಲ—"

"ಪದ್ಮರಾಜಾ!"

ಕೂಗಿದ್ದು ನಾನು. ಹೊರಗಿನವರಿಗೆ ಇದು ಹತ್ತುತ್ತದೋ ಇಲ್ಲವೋ ಯಾರಿಗೂ ಖಚಿತವಿರಲಿಲ್ಲ. ಒಂದು ರಾತ್ರಿ ಮಲಗೆದ್ದರೆ ಸಾಕು ಎನ್ನುವವರಿದ್ದರು, ವರ್ಷ ಕಳೆಯಬೇಕು ಎನ್ನುವವರೂ ಇದ್ದರು. ನನಗೆ ಯೋಚಿಸಲು ಹೊತ್ತೆಲ್ಲಿತ್ತು? ಅವರ ಬಾಯಿ ಅರ್ಧ ತೆರೆದೇ ನಿಂತಿತು. ಕುರ್ಚಿ ಹಿಂದಕ್ಕೆ ಬಿತ್ತು. ಮೇಜನ್ನು ಸುತ್ತಿ ಬರದೆ, ಅದನ್ನೇ ನೂಕಿಕೊಂಡು, ಅರ್ಜಿಯನ್ನು ಕೈಯಲ್ಲೇ ಹಿಡಿದು, ಅವರು ನೆಟ್ಟಗೆ ನನ್ನ ಕಡೆ ನಡೆದು ಬಂದರು. ಅಂಥ ಆಶ್ಚರ್ಯ ತುಂಬಿದ ಮುಖವನ್ನು ನಾನು ಬೇರೆಲ್ಲೂ ನೋಡಿಲ್ಲ.

ನಾನು ಕಿಟಕಿ ನೋಡಿದೆ. ಅರ್ಧ ಹೆಸರಿಗೆ ಅರ್ಧ ಮೈ ಬರುತ್ತದೆ. ಅಕ್ಕನ ಬಲಗೈ, ಬಲಗಾಲು ತಂತಿ ಬಿಟ್ಟು ಶಾಲೆಯ ಕಡೆಗೆ ಚಾಚಿಕೊಂಡಿದ್ದವು. ಎಡಗೈ ಎಡಗಾಲಲ್ಲಿ ಅವಳು ನೇತಾಡುತ್ತಿದ್ದಳು.

ಪದ್ಮರಾಜರು ನನ್ನೆದುರು ಬಂದು ನಿಂತರೆ ಬಾಯಿ ಬಿಡುತ್ತದೆ. ಬಾಯಿ ಬಿಟ್ಟರೆ ಮೊದಲು ಬರುವುದು ತಡೆದು ನಿಂತ ಮಾತಿನ ಉಳಿದರ್ಧವೇ. ಇಲ್ಲಿಂದ ಆ ಅರ್ಧ ಹೊರಟರೆ ಅಕ್ಕನ ಎಡಗೈಯೂ ಬಿಡುತ್ತದೆ. ನಾನು ಬಾಗಿಲಿನಿಂದ ಕಂಬದ ದಿಕ್ಕಿಗೆ ಹಿಂದು ಹಿಂದಕ್ಕೆ ಹೊರಟೆ, ಬುಡ ಮುಟ್ಟಿದರೆ ಅಲ್ಲಿಂದ ಅಕ್ಕನನ್ನು ಕರೆಯಬಹುದಿತ್ತು. ಅವರು ಒಂದು ಮಾರು ದೂರಕ್ಕೆ ಬಂದಾಗಲೆಲ್ಲ ಮತ್ತೆ "ಪದ್ಮರಾಜಾ!" ಎಂದೆ. ಮತ್ತೆ ಹಿಂದಕ್ಕೆ ಓಡಿದೆ. ಅಂಗಳದಲ್ಲಿದ್ದ ಊರು ಎರಡಾಗಿ ಸರಿದು ದಾರಿ ಬಿಟ್ಟಿತು. ಯಾರಿಗೂ ಏನೂ ಹೇಳಬೇಕಾಗಲಿಲ್ಲ, ಹೆಸರು ಕಿವಿಗೆ ಬಿದ್ದೊಡನೆ ನಮ್ಮವರಿಗೆ ಎಲ್ಲ ಅರ್ಥವಾಗಿಬಿಡುತ್ತದೆ. ಹೆಂಗಸರು ಮಕ್ಕಳ ಬಾಯಿಗೆ ಕೈ ಒತ್ತಿ ನಿಂತಿದ್ದರು. ಶಾಲೆಯಿಂದ ಕಂಬಕ್ಕೆ ಇನ್ನೂರು ಹೆಜ್ಜೆ ಇಳಿಜಾರು. ಐವತ್ತೆರಡರ ನಾನು ಅದನ್ನು ಬೆನ್ನು ಮುಂದಾಗಿ ಓಡುತ್ತಿದ್ದೆ, ಪಂಚೆ ಕಾಲಿಗೆ ಸಿಕ್ಕುತ್ತಿತ್ತು, ಎದೆಯೊಳಗೆ ಉಸಿರು ಗರಗಸದಂತೆ ಎಳೆಯುತ್ತಿತ್ತು. ಅರ್ಧ ದಾರಿಯಲ್ಲಿ ಕಲ್ಲು ಎಡವಿ ಬಿದ್ದೆ. ಬಿದ್ದಲ್ಲಿಂದಲೇ ಮತ್ತೊಮ್ಮೆ ಕೂಗಿದೆ. ಆಮೇಲೆ ಗಂಟಲಿನಿಂದ ಗಾಳಿ ಬಿಟ್ಟು ಬೇರೇನೂ ಬರಲಿಲ್ಲ.

ಅಲ್ಲಿಂದ ಅಕ್ಕನನ್ನು ಕರೆಯುವಂತಿರಲಿಲ್ಲ. ಕರೆದರೆ ಗಾಳಿಯ ದಾರಿಯಲ್ಲೇ ಬಂದಾಳು. ಪಾರಿಜಾತ ನನ್ನನ್ನು ದಾಟಿಕೊಂಡು ಓಡಿದಳು. ಕಂಬದ ಬುಡಕ್ಕೆ ಹೋಗಿ ಮಂಡಿಯೂರಿ ಕೂತಳು. ನಾನು ದಿನಾ ಕೂರುವ ಜಾಗದಲ್ಲೇ, ಬೆನ್ನು ಕಂಬಕ್ಕೆ ಒತ್ತಿ. ಮೇಲೆ ನೋಡಿದಳು. ಬಾಯಿ ತೆರೆದಳು. ಮಾತು ಬರಲಿಲ್ಲ. ಹದಿನೈದು ವರ್ಷ ನುಂಗಿಕೊಂಡೇ ಬಂದ ಹೆಸರು. ತೊಟ್ಟಿಲಲ್ಲಿದ್ದಾಗಿನಿಂದ ಆ ಹೆಸರು ಬಾಯಿಗೆ ಬಂದರೆ ಅಮ್ಮ ಸಾಯುತ್ತಾಳೆ ಎಂದು ಹೇಳಿಸಿಕೊಂಡು ಬೆಳೆದ ಮಗು. ನನ್ನನ್ನು ನೋಡಿದಳು. ನಾನು ಗಂಟಲಿಲ್ಲದೆ ಕೈಯಲ್ಲೇ ಬೇಡಿಕೊಂಡೆ, ಕರಿ, ಕರಿ ಎಂದು. ಅಕ್ಕನ ಎಡಗಾಲು ತಂತಿಯಿಂದ ಜಾರಿತು. ಈಗ ಒಂದೇ ಕೈ.

ನನ್ನೆದುರು ಬಂದು ನಿಂತಿದ್ದ ಪದ್ಮರಾಜರ ಮೈ ಆಗ ತಾನೇ ಅವರ ಹಿಡಿತಕ್ಕೆ ಬಂದಿತ್ತು. ಅವರು ಮೇಲೆ ನೋಡಿದರು. ಅಷ್ಟು ಎತ್ತರದಲ್ಲಿ ನೇತಾಡುವ ಹೆಂಗಸನ್ನು ನೋಡಿದರು, ಕೈಯಲ್ಲಿದ್ದ ಕಾಗದ ನೋಡಿದರು. ಬಾಯಿಯಲ್ಲಿ ಉಳಿದಿದ್ದ ಅರ್ಧ ಹೊರಡುವುದಕ್ಕೆ ಮೊದಲೇ ತಮ್ಮ ಅಂಗೈಯಿಂದ ತಮ್ಮ ಬಾಯನ್ನು ಗಟ್ಟಿಯಾಗಿ ಮುಚ್ಚಿಕೊಂಡರು.

"ನೀಲಗಂಗಮ್ಮಾ!"

ಅದು ಪಾರಿಜಾತಳ ದನಿ ಎಂದು ಮೊದಲು ನನಗೆ ಗೊತ್ತಾಗಲಿಲ್ಲ. ಕಂದಕದ ಆಚೆ ಗೋಡೆಗೆ ಬಡಿದು ಅದು ಹಿಂದಕ್ಕೆ ಬಂತು. ಅಕ್ಕನ ಮೈ ಒಮ್ಮೆ ಜಗ್ಗಿತು. ಶಾಲೆಯತ್ತ ಚಾಚಿದ್ದ ಬಲಗೈ ಮಡಿಚಿಕೊಂಡು ತಂತಿಯನ್ನು ಹಿಡಿಯಿತು. ಆಮೇಲೆ ಅವಳು ಬಂದಳು. ಕೈ ಮೇಲೆ ಕೈ ಹಾಕುತ್ತಾ, ಕಾಲು ತೂಗಾಡಿಸಿಕೊಂಡು, ಗಂಟಿನ ಚೂಪು ಅಂಗೈ ಸೀಳಿದರೂ ನಿಲ್ಲದೆ, ಹಿಂದೆಂದೂ ಬಾರದಷ್ಟು ಬೇಗ ಬಂದಳು. ಬಂದು ಮಗಳ ಮುಂದೆ ದೊಪ್ಪನೆ ಬಿದ್ದಳು. ನಾನು ಅಲ್ಲೇ ಮಣ್ಣಿನಲ್ಲಿ ಕೂತು ಜೋರಾಗಿ ಅತ್ತುಬಿಟ್ಟೆ, ನಾಚಿಕೆಯೇನೂ ಆಗಲಿಲ್ಲ.

ಮುಂದಿನದನ್ನು ಈಗಲೇ ಹೇಳಿಬಿಡುತ್ತೇನೆ. ಪದ್ಮರಾಜರು ಎರಡು ಕಾಗದ ಬರೆದರು. ಒಂದರಲ್ಲಿ, ಮೇಷ್ಟ್ರು ಪರೀಕ್ಷೆಗೆ ಸಂಬಂಧಿಸಿದ ಒಂದೇ ಒಂದು ಮಾತನ್ನೂ ಆಡದೆ ಪರೀಕ್ಷಕನ ಹೆಸರನ್ನಷ್ಟೇ ಹೇಳಿದ್ದರಿಂದ ಪರೀಕ್ಷೆ ರದ್ದಾಗಬೇಕಿಲ್ಲ, ಸೀಟು ಈ ಹುಡುಗಿಗೇ ಎಂದು. ಇನ್ನೊಂದರಲ್ಲಿ, ನಡೆದದ್ದನ್ನು ನಡೆದ ಹಾಗೆ. ನಡೆದದ್ದು ನಡೆದ ಹಾಗೆ ಗೊತ್ತಾದ ಮೇಲೆ ಮೇಲಿನವರು ನನ್ನನ್ನು ಇಟ್ಟುಕೊಳ್ಳುವಂತಿರಲಿಲ್ಲ. ನನಗೆ ಅವರ ಮೇಲೆ ಸಿಟ್ಟಿಲ್ಲ. ಸಿಟ್ಟು ಇರುವುದು ನನ್ನ ದಪ್ಪ ಅಕ್ಷರದ ಮೇಲೆ. ಅಕ್ಕನಿಗೆ ಅದನ್ನು ಹೇಳಿಕೊಂಡಾಗ ಅವಳು ಬ್ಯಾಂಡೇಜು ಸುತ್ತಿದ ಕೈಯಲ್ಲೇ ತಲೆಗೊಂದು ಮೊಟಕಿದಳು. ಈಗ ನಾನು ಬೆಳಗಿನಿಂದ ಸಂಜೆವರೆಗೂ ಕಂಬದ ಬುಡದಲ್ಲೇ ಇರುತ್ತೇನೆ.

ಆದರೆ ಆ ದಿನ, ಆ ಗಳಿಗೆಯಲ್ಲಿ, ಅಕ್ಕ ಕಂಬಕ್ಕೆ ಒರಗಿ ಕೂತು ಏದುಸಿರು ಬಿಡುತ್ತಾ ಮೊದಲು ನನ್ನನ್ನು ಹುಡುಕಿದಳು. ನಾನು ಅಷ್ಟು ದೂರದಲ್ಲಿ ಮಣ್ಣು ಮೆತ್ತಿಕೊಂಡು ಕೂತಿದ್ದು ಕಂಡು ಹುಬ್ಬು ಗಂಟಿಕ್ಕಿದಳು.

"ಯಾರೇ ಕರ್ದಿದ್ದು ನನ್ನ?"

"ನಾನು" ಎಂದಳು ಪಾರಿಜಾತ. ತಪ್ಪು ಮಾಡಿದವಳ ಹಾಗೆ ತಲೆ ತಗ್ಗಿಸಿದ್ದಳು.

ಅಕ್ಕ ಅವಳನ್ನೇ ನೋಡಿದಳು. ರಕ್ತದ ಅಂಗೈಯನ್ನು ಸೀರೆಗೆ ಒರೆಸಿಕೊಂಡು, ಮಗಳ ಗಲ್ಲ ಹಿಡಿದು ಮೇಲಕ್ಕೆತ್ತಿದಳು.

"ಇನ್ನೊಂದ್ಸಲ ಕರಿ."

"ಇಲ್ಲೇ ಇದೀಯಲ್ಲಮ್ಮ."

"ಇಲ್ಲೇ ಇದೀನಿ, ಅದಕ್ಕೇ. ಎಲ್ಲಿಗೂ ಬರಬೇಕಾಗಿಲ್ಲ ಈಗ. ನೀನ್ ಪಟ್ಟಣಕ್ಕೆ ಹೋಗೋಕ್ ಮುಂಚೆ ಒಂದ್ಸಲ ಕೇಳ್ಸ್ಕೋತೀನಿ, ಕರಿ."

ಪಾರಿಜಾತ ತಾಯಿಯ ಕಿವಿಗೆ ಬಾಯಿಟ್ಟು ಮೆಲ್ಲಗೆ ಆ ಹೆಸರು ಹೇಳಿದಳು. ಅಕ್ಕ ಕೂತಲ್ಲಿಂದ ಅಲ್ಲಾಡಲಿಲ್ಲ.